ಹಿತ್ತಿಲಿಗೆ ಬರುತ್ತಿದ್ದ ಅಯ್ಯನೋರು

ಮೆಂತ್ಯದ ಡಬ್ಬಿಯಲ್ಲಿ ಬೀಗದ ಕೈ ಸಿಕ್ಕಿತು. ಉಪ್ಪಿನಕಾಯಿಗೆ ಮೆಂತ್ಯ ಹುರಿಯೋಣವೆಂದು ಡಬ್ಬಿ ಬಗ್ಗಿಸಿದರೆ ಬಾಣಲೆಗೆ ಟಣ್ಣೆಂದು ಬಿದ್ದದ್ದು ಹಿತ್ತಿಲ ಬಾಗಿಲಿನ ಕೈ. ಅದನ್ನು ಅಲ್ಲಿ ಬಚ್ಚಿಟ್ಟವಳು ನಾನೇ. ನಮ್ಮ ಅತ್ತೆ ಅಡುಗೆಮನೆಯ ಎಲ್ಲ ಡಬ್ಬಿಗಳಿಗೂ ಕೈ ಹಾಕುತ್ತಾರೆ, ಮೆಂತ್ಯದ್ದೊಂದನ್ನು ಬಿಟ್ಟು. ಅವರಿಗೆ ಅದರ ವಾಸನೆ ಆಗದು. ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಗಳಿಸಿದ ಬುದ್ಧಿಯನ್ನೆಲ್ಲ ಉಪಯೋಗಿಸಿ, ಎಂಬತ್ತು ದಾಟಿದ ಹೆಂಗಸಿಗೆ ಸಿಗದಂತೆ ಒಂದು ಬೀಗದ ಕೈಯನ್ನು ಅಡಗಿಸಿದ್ದೆ. ಈಗ ಅದನ್ನು ಸೌಟಿನಿಂದ ಎತ್ತಿ ಕಟ್ಟೆಯ ಮೇಲಿಟ್ಟು, ಒಲೆ ಆರಿಸಿ, ಸ್ಟೂಲಿನ ಮೇಲೆ ಕುಳಿತೆ. ಉಪ್ಪಿನಕಾಯಿ ಆ ದಿನ ಆಗಲಿಲ್ಲ.

ಕುಳಿತುಕೊಳ್ಳಲು ಈಚೆಗೆ ನನಗೆ ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಸ್ಟೂಲು, ಮೆಟ್ಟಿಲು, ಬಟ್ಟೆಯ ಬುಟ್ಟಿ, ಏನು ಸಿಕ್ಕಿದರೂ ಕುಳಿತುಬಿಡುತ್ತೇನೆ. ದಣಿವು ಎಂದರೆ ಮಲಗಿ ಎದ್ದರೆ ಹೋಗುವಂಥದ್ದು ಎಂದು ನಾನು ಬಹಳ ಕಾಲ ನಂಬಿದ್ದೆ. ಈಗಿನದು ಹಾಗಲ್ಲ, ಮಲಗಿ ಏಳುವುದೇ ಅದರಲ್ಲಿ ಒಂದು ಕೆಲಸವಾಗಿ ಸೇರಿಕೊಂಡಿದೆ. ಯಜಮಾನರನ್ನು ಅವರ ವಿಮಾ ಕಚೇರಿ ವಡೋದರಾದ ಮಕರಪುರಕ್ಕೆ ವರ್ಗ ಮಾಡಿತು. ಅವರು ಶನಿವಾರ ಸಂಜೆ ಅಹಮದಾಬಾದಿಗೆ ಬಂದು, ಭಾನುವಾರವೆಲ್ಲ ನಿದ್ದೆ ಮಾಡಿ, ಸೋಮವಾರ ಬೆಳಿಗ್ಗೆ ರೈಲು ಹತ್ತುತ್ತಾರೆ. ವಾರದ ಉಳಿದ ದಿನಗಳಲ್ಲಿ ಮನೆಯಲ್ಲಿ ನಾನು ಮತ್ತು ಅತ್ತೆ. ಹಗಲಿಗೆ ಕಂಕುಬೆನ್ ಬರುತ್ತಾಳೆ. ಪಾತ್ರೆ, ಬಟ್ಟೆ, ಅತ್ತೆಯ ಊಟ ಎಲ್ಲ ಅವಳದು. ನಾನು ಆಫೀಸಿನಿಂದ ಬರುವವರೆಗೂ ಇರುತ್ತಾಳೆ.

ನನ್ನ ಕೆಲಸವೇನೆಂದು ಹೇಳಿದರೆ ನೀವು ನಗುತ್ತೀರಿ. ನಾನು ಬ್ಯಾಂಕಿನ ಅನುವಾದಕಿ. ತುಮಕೂರು ಕಡೆಯ ಹುಡುಗಿ ಹಿಂದಿ ಎಂ.ಎ. ಮಾಡಿ, ಗುಜರಾತಿನಲ್ಲಿ ಕುಳಿತು, ಇಂಗ್ಲಿಷ್ ಸುತ್ತೋಲೆಗಳನ್ನು ಹಿಂದಿಗೆ ತಿರುಗಿಸುತ್ತಾಳೆ. ಇಂಗ್ಲಿಷ್ ಬಲ್ಲವರು ಇಂಗ್ಲಿಷಿನಲ್ಲಿ ಓದುತ್ತಾರೆ, ಉಳಿದವರು ಪಕ್ಕದ ಮೇಜಿನವರನ್ನು ಗುಜರಾತಿಯಲ್ಲಿ ಕೇಳಿಕೊಳ್ಳುತ್ತಾರೆ. ನನ್ನ ಹಿಂದಿ ಫೈಲಿನಲ್ಲಿ ತಣ್ಣಗೆ ಮಲಗಿರುತ್ತದೆ. ಆದರೂ ಇಷ್ಟು ವರ್ಷದಲ್ಲಿ ಒಂದು ಪದ ತಪ್ಪಿಲ್ಲವೆಂದು ಮೇಲಿನವರಿಂದ ಒಂದು ಪ್ರಶಂಸಾಪತ್ರ ಬಂದಿದೆ, ಚೌಕಟ್ಟು ಹಾಕಿಸಿ ಇಟ್ಟಿದ್ದೇನೆ. ತಪ್ಪಿದ ಒಂದು ಪದದ ಕಥೆ ಇದು. ಇದರಲ್ಲಿ ಒಂದು ಹಕ್ಕಿಯೂ ಇದೆ.

ನಾವಿರುವ ಸ್ಯಾಟಲೈಟ್ ಬಡಾವಣೆಯಲ್ಲಿ ಈಗ ಎಲ್ಲ ಕಡೆ ಹನ್ನೆರಡು ಅಂತಸ್ತಿನ ಕಟ್ಟಡಗಳು. ಅವುಗಳ ನಡುವೆ ನಮ್ಮದು ಹಳೆಯ ಸೊಸೈಟಿ. ಒಂದಕ್ಕೊಂದು ಪಕ್ಕ ತಾಗಿಸಿದ ಮನೆಗಳು, ಹಿಂದುಗಡೆ ಇಷ್ಟಗಲ ಜಾಗ. ಅದರ ಮೂಲೆಯಲ್ಲಿ ಪಾತ್ರೆ ಬಟ್ಟೆ ತೊಳೆಯಲು ತಗ್ಗಾಗಿ ಕಲ್ಲು ಹಾಸಿದ ಚೋಕಡಿ. ಗುಜರಾತಿನ ಮನೆಗಳಿಗೆ ದೇವರ ಕೋಣೆಯಾದರೂ ತಪ್ಪೀತು, ಚೋಕಡಿ ತಪ್ಪದು. ಅಲ್ಲಿಂದ ಹರಿದ ನೀರಿಗೆ ಕೆಸುವು ತಾನಾಗಿ ಬೆಳೆದು ಗೋಡೆಯವರೆಗೂ ಹಬ್ಬಿದೆ. ಪಕ್ಕದ ಮನೆಯ ಹಂಸಾಬೆನ್ ಆಗಾಗ ಗೋಡೆಯಾಚೆಯಿಂದ ಕೈ ಚಾಚಿ, ನಮ್ಮ ಪತ್ರೊಡೆಯಂಥ ಪಾತ್ರಾ ಮಾಡಲು ನಾಲ್ಕು ಎಲೆ ಕೊಯ್ದುಕೊಳ್ಳುತ್ತಾರೆ. ಅತ್ತೆಗೆ ಇದು ಹಿತ್ತಿಲು. ಹಾವೇರಿಯ ಕಡೆಯಿಂದ ಬಂದು ನಾಲ್ಕು ವರ್ಷವಾದರೂ ಅವರು ಬೆಳಿಗ್ಗೆ ಎದ್ದು ಮೊದಲು ತೆಗೆಯುವುದು ಹಿಂದಿನ ಬಾಗಿಲನ್ನೇ. ಹೊಸ್ತಿಲ ಮೇಲೆ ಕುಳಿತು ಚಹಾ ಕುಡಿಯುತ್ತಾರೆ.

ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ, ನಾನು ಡಬ್ಬಿಗೆ ಚಪಾತಿ ತುಂಬುತ್ತಿದ್ದೆ. ಹಿತ್ತಿಲಿನಿಂದ ಅತ್ತೆ ಕೂಗಿದರು.

"ಸುಮಿತ್ರಾ, ಅಯ್ಯನೋರು ಬಂದಾರ. ಒಂದ್ ಹಿಡಿ ಅಕ್ಕಿ ತಾ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಅಯ್ಯನೋರ ವಿಷಯದಲ್ಲಿ ನಾನು ಮೊದಲೇ ಒಮ್ಮೆ ಎಡವಿದವಳು. ನಮ್ಮ ಊರಿನಲ್ಲಿ ಅಯ್ನೋರು ಎಂದರೆ ಶಾಲೆಯ ಮೇಷ್ಟರು. ಒತ್ತಕ್ಷರ ಬಿಟ್ಟರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಕಾವಿ ಉಟ್ಟು ಜೋಳಿಗೆ ಹಿಡಿದು, ಕಾಲಿಗೆ ಜಂಗು ಕಟ್ಟಿಕೊಂಡು ಸೋಮವಾರ ಭಿಕ್ಷೆಗೆ ಬರುವ ಜಂಗಮರನ್ನು ನಾವು ಸ್ವಾಮಿಗಳು ಎನ್ನುತ್ತಿದ್ದೆವು. ಜಂಗಿನ ಗೆಜ್ಜೆ ದೂರದಲ್ಲಿ ಕೇಳಿದರೆ ಸಾಕು, ನಾನು ರಾಗಿ ತುಂಬಿಡುವ ದೊಡ್ಡ ವಾಡೆಯ ಹಿಂದೆ ಅವಿತುಕೊಳ್ಳುತ್ತಿದ್ದೆ. ಅವರ ಜೋಳಿಗೆಯಲ್ಲಿ ಮಾತು ಕೇಳದ ಮಕ್ಕಳಿದ್ದಾರೆಂದು ಅಜ್ಜಿ ಹೇಳಿದ್ದರು. ಮದುವೆಯಾಗಿ ಹಾವೇರಿಯ ಕಡೆ ಬಂದ ಹೊಸತರಲ್ಲಿ ಅತ್ತೆ ಒಳಗಿನಿಂದ, "ಅಯ್ಯನೋರು ಬಂದಾರ, ನೀಡವಾ" ಎಂದರು. ಮೇಷ್ಟರು ಬಂದರೆಂದು ನಾನು ಸೆರಗು ಸರಿಮಾಡಿಕೊಂಡು ಓಡಿಹೋಗಿ ಕುರ್ಚಿ ಹಾಕಿದೆ, ನೀರು ಕೊಟ್ಟೆ, ಯಾವ ತರಗತಿಗೆ ಪಾಠ ಮಾಡುತ್ತೀರಿ ಎಂದೂ ಕೇಳಿದೆ. ಆ ಜಂಗಮರು ಪಾಪ, ಕುರ್ಚಿಯ ತುದಿಯಲ್ಲಿ ಕುಳಿತು ನನ್ನನ್ನೇ ನೋಡಿದರು. ಆ ಊರಿನಲ್ಲಿ ಅದನ್ನು ಹೇಳಿಕೊಂಡು ಇವತ್ತಿಗೂ ನಗುತ್ತಾರಂತೆ.

ಹೀಗಾಗಿ ಅಯ್ಯನೋರು ಎಂದರೆ ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತೆಂಬುದೇ ತೊಂದರೆಯಾಯಿತು.

ಅಂದು ನಾನು ಹಿಂದಕ್ಕೆ ಹೋಗಿ ನೋಡಿದೆ. ಕೆಸುವಿನ ಎಲೆ, ನಲ್ಲಿಯಿಂದ ಬೀಳುವ ಹನಿ, ಅಷ್ಟೆ. ಸೊಸೈಟಿಗೆ ಗೇಟಿದೆ, ಗೇಟಿಗೆ ಕಾವಲುಗಾರನಿದ್ದಾನೆ. ಪಾರ್ಸೆಲ್ ತಂದವನನ್ನೂ ಫೋನು ಮಾಡಿ ಕೇಳಿಯೇ ಒಳಗೆ ಬಿಡುವುದು. ಅಲ್ಲಿ ಜಂಗಮರೆಲ್ಲಿಂದ ಬರಬೇಕು?

"ಯಾರೂ ಇಲ್ವಲ್ಲ ಅತ್ತೆ."

"ಈಗ ಇದ್ರು. ನೀ ಧಡಧಡ ಬಂದಿ, ಹೋದ್ರು. ಭಾಳ ನಾಚಿಕಿ ಅವರಿಗೆ."

ಮರುದಿನವೂ ಬಂದರು, ಅದರ ಮರುದಿನವೂ. ನಾನು ಹೋದಾಗ ಯಾರೂ ಇರುತ್ತಿರಲಿಲ್ಲ. ಅತ್ತೆ ತಾವೇ ಸ್ಟೀಲಿನ ಬಟ್ಟಲಲ್ಲಿ ಅಕ್ಕಿ ತೆಗೆದುಕೊಂಡು ಹೋಗಿ ಚೋಕಡಿಯ ಅಂಚಿನಲ್ಲಿ ಸುರಿಯತೊಡಗಿದರು. ಅಕ್ಕಿಗೆ ಇರುವೆ ಮುತ್ತುತ್ತಿದ್ದವು. ಒಮ್ಮೆ ರೇಗಿ ಕೇಳಿದೆ: "ಹೆಂಗಿದಾರೆ ನಿಮ್ಮ ಅಯ್ಯನೋರು? ಹೇಳಿ ನೋಡೋಣ."

ಅತ್ತೆ ಬೇಸರವಿಲ್ಲದೆ ಹೇಳಿದರು. "ಹಣಿಗೆ ಬೆಳ್ಳಗ ಈಬತ್ತಿ ಐತಿ. ಕೊಳ್ಳಾಗ ನೀಲಿ ವಸ್ತ್ರ, ಅದರ ನಡಕ ತಾಮ್ರದ ಕರಡಿಗಿ. ತಿರುಗಿ ನಿಂತ್ರ ಹಿಂದ ಕಾವಿ ಕಾಣತೈತಿ."

ವಿಭೂತಿ, ಲಿಂಗದ ಕರಡಿಗೆ, ಕಾವಿ. ಇಷ್ಟು ಸ್ಪಷ್ಟವಾಗಿ ಇಲ್ಲದವರು ಕಾಣುತ್ತಿದ್ದಾರೆಂದರೆ ಸ್ಥಿತಿ ಕೈಮೀರಿದೆ ಎಂದುಕೊಂಡೆ. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದರು. ನನ್ನನ್ನು ಎರಡು ಮೂರು ಬಾರಿ ಗಂಗಾ ಎಂದು ಕರೆದಿದ್ದರು. ಗಂಗಾ ಅವರ ತಂಗಿ, ತೀರಿಕೊಂಡು ಬಹಳ ವರ್ಷವಾಯಿತು.

ಉತ್ತರಾಯಣದ ಗಾಳಿಪಟಗಳ ಗದ್ದಲ ಮುಗಿದ ವಾರ, ಅಕ್ಕಿಯ ಬಟ್ಟಲು ಹಿಡಿದು ಹೋದ ಅತ್ತೆ ಚೋಕಡಿಯ ಪಾಚಿಯ ಮೇಲೆ ಜಾರಿದರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಮಣಿಕಟ್ಟು ಊದಿಕೊಂಡಿತು. ನಾನು ಅವರನ್ನು ಎಬ್ಬಿಸಿ, ಒಳಗೆ ಕೂರಿಸಿ, ಮಂಜುಗಡ್ಡೆ ಇಟ್ಟು, ಆಫೀಸಿಗೆ ಬರುವುದಿಲ್ಲವೆಂದು ತಿಳಿಸಿ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನೋಡಿ, ಅತ್ತೆ ಎಂದು ಬರೆದರೆ ನಾನು ಅತ್ತದ್ದೋ ಅವರೋ ತಿಳಿಯುವುದಿಲ್ಲ, ಅತ್ತವಳು ನಾನು.

ಯಜಮಾನರು ಫೋನಿನಲ್ಲಿ, "ಅವ್ವನ್ನ ತಲಿ ಡಾಕ್ಟರಿಗೆ ತೋರಸು. ನನಗ ರಜಾ ಸಿಗಾಂಗಿಲ್ಲ" ಎಂದರು. ತೋರಿಸಿದೆ. ವೈದ್ಯರು ಸೌಮ್ಯ ಮನುಷ್ಯ. ಅತ್ತೆಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ಪ್ರಶಂಸಾಪತ್ರ ಪಡೆದ ಅನುವಾದಕಿ.

"ಮಾಜಿ ಕೋ ಕ್ಯಾ ದಿಖತಾ ಹೈ?" ಎಂದು, ಅಮ್ಮನಿಗೆ ಏನು ಕಾಣಿಸುತ್ತದೆಂದು ವೈದ್ಯರು ಕೇಳಿದರು.

ಅತ್ತೆ, "ಅಯ್ಯನೋರು ಬರ್ತಾರ್ರಿ" ಎಂದರು.

"ಪೀಛೇ ಕೇ ದರವಾಜೇ ಪರ್ ರೋಜ್ ಏಕ್ ಬಾವಾಜಿ ಆತೇ ಹೈಂ. ಹಮೇಂ ನಹೀಂ ದಿಖತೇ" ಎಂದೆ ನಾನು. ಹಿಂದಿನ ಬಾಗಿಲಿಗೆ ದಿನಾ ಒಬ್ಬ ಬಾವಾಜಿ ಬರುತ್ತಾರೆ, ನಮಗೆ ಕಾಣುವುದಿಲ್ಲ ಎಂದು. ಬಾವಾಜಿ ಎಂದರೆ ಈ ಕಡೆ ಕಾವಿ ಉಟ್ಟ ಭಿಕ್ಷುಕ ಸಾಧು. ಸರಿಯಾದ ಪದ ಎಷ್ಟು ಬೇಗ ಹೊಳೆಯಿತೆಂದು, ಆ ಹೊತ್ತಿನಲ್ಲೂ ನನಗೆ ಒಂದು ಸಣ್ಣ ಹೆಮ್ಮೆ ಬಂದಿತ್ತು.

ವೈದ್ಯರು ತಲೆಯಾಡಿಸಿ ಬರೆದುಕೊಂಡರು. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ಸ್ವಲ್ಪ ಮಂಪರು ಇರುತ್ತದೆ, ಹಿಂದಿನ ಬಾಗಿಲು ಜೋಪಾನ ಎಂದರು. ಬರುವಾಗಲೇ ಬೀಗ ಕೊಂಡು ತಂದೆ. ಕಂಕುಬೆನ್ ಪಾತ್ರೆ ತೊಳೆಯುವಾಗ ತೆಗೆಯುವುದು, ಮುಗಿದ ಕೂಡಲೇ ಹಾಕುವುದು, ಬೀಗದ ಕೈ ಮೆಂತ್ಯದ ಡಬ್ಬಿಗೆ.

ಅಲ್ಲಿಂದ ಮುಂದೆ ಅತ್ತೆ ಅಯ್ಯನೋರ ಮಾತೆತ್ತಲಿಲ್ಲ. ಬಾಗಿಲ ಎದುರಿಗೆ ಕುರ್ಚಿ ಹಾಕಿಕೊಂಡು, ಮುಚ್ಚಿದ ಹಲಗೆಯನ್ನು ನೋಡುತ್ತ ಕುಳಿತಿರುತ್ತಿದ್ದರು. ಚಹಾ ಕೊಟ್ಟರೆ ಕುಡಿಯುತ್ತಿದ್ದರು, ಏಳಿ ಎಂದರೆ ಏಳುತ್ತಿದ್ದರು. ಮಾತ್ರೆ ಕೆಲಸ ಮಾಡುತ್ತಿದೆ ಎಂದುಕೊಂಡೆ. ನನಗೆ ನೆಮ್ಮದಿಯೂ ಆಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಯಿತು. ಬೆಳಗಿನ ಹೊತ್ತು ಚಪಾತಿ ತುಂಬುವಾಗ ಯಾರೂ ಕರೆಯದ ಮನೆ ಎಷ್ಟು ಸುಖವೆಂದು ದಣಿದವರಿಗೆ ಮಾತ್ರ ಗೊತ್ತು.

ಹೋಳಿ ಬಂತು. ಹೋಳಿಗೆ ಕಂಕುಬೆನ್ ದಾಹೋದದ ತನ್ನ ಊರಿಗೆ ಹೋದರೆ ಹತ್ತು ದಿನ ಅವಳ ಸುದ್ದಿಯಿಲ್ಲ. ಇಡೀ ಅಹಮದಾಬಾದಿನ ಹೆಂಗಸರು ಆ ಹತ್ತು ದಿನ ತಂತಮ್ಮ ಪಾತ್ರೆಗಳ ಮುಖ ನೋಡುತ್ತಾರೆ. ನಾನು ರಜೆ ಹಾಕಿದೆ. ಬಣ್ಣದ ಹಬ್ಬದ ಬೆಳಿಗ್ಗೆ, ಬೀದಿಯ ಮಕ್ಕಳು ಇನ್ನೂ ಎದ್ದಿರಲಿಲ್ಲ, ಅತ್ತೆ ಮಂಪರಿನಲ್ಲಿದ್ದರು. ಹಿಂದಿನ ದಿನದ ರಾಶಿ ಪಾತ್ರೆಯನ್ನೆಲ್ಲ ಚೋಕಡಿಗೆ ಹೊತ್ತು ಹಾಕಿ, ತೊಳೆಯಲು ಕೈ ಬರದೆ, ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಎಷ್ಟು ಹೊತ್ತೋ. ಏನನ್ನೂ ಯೋಚಿಸುತ್ತಿರಲಿಲ್ಲ. ಅಲ್ಲಾಡದೆ ಕೂರುವುದೇ ಹಕ್ಕಿ ನೋಡುವವರ ಮೊದಲ ಗುಣವೆಂದು ಹಂಸಾಬೆನ್ ಆಮೇಲೆ ನನ್ನನ್ನು ಹೊಗಳಿದರು. ನನಗೆ ಅದು ದಣಿವಿನಿಂದ ಬಂದದ್ದು.

ಮೊದಲು ಸದ್ದು ಕೇಳಿತು. ಕೆಸುವಿನ ಬುಡದಿಂದ ಮೆಲ್ಲಗೆ, ಟಿಣ್ ಟಿಣ್ ಟಿಣ್, ತಡೆದು ಮತ್ತೆ ಟಿಣ್ ಟಿಣ್. ಐವತ್ತನಾಲ್ಕರ ಹೆಂಗಸು ನಾನು, ರಾಗಿಯ ವಾಡೆ ಎಲ್ಲಿದೆಯೆಂದು ಹುಡುಕುವಂತಾಯಿತು. ಜಂಗಿನ ಗೆಜ್ಜೆ, ಅದೇ, ತೀರ ಸಣ್ಣದಾಗಿ.

ಎಲೆ ಅಲುಗಿತು. ಗುಬ್ಬಿಯಷ್ಟೇ ಗಾತ್ರದ, ಮಣ್ಣಿನ ಬಣ್ಣದ ಹಕ್ಕಿಯೊಂದು ಕುಪ್ಪಳಿಸಿ ಹೊರಗೆ ಬಂತು. ನನಗೆ ಗೊತ್ತಿರುವ ಹಕ್ಕಿಗಳು ಕಾಗೆ, ಗುಬ್ಬಿ, ಪಾರಿವಾಳ, ಗಿಳಿ, ಐದನೆಯದನ್ನು ಕೇಳಬೇಡಿ. ಇದು ನನಗೆ ಬೆನ್ನು ಹಾಕಿ ನಿಂತು ಬಾಲ ಕೊಡವಿತು. ಬಾಲದ ಬುಡದ ಎರಡೂ ಪಕ್ಕ ಕಾವಿ ಬಣ್ಣ. ಪಕ್ಕಕ್ಕೆ ತಿರುಗಿತು. ಕಣ್ಣಿನ ಮೇಲೆ ಬೆರಳಿನಿಂದ ಎಳೆದಂಥ ಬಿಳಿಯ ಗೆರೆ. ಆಮೇಲೆ ಎದೆಯೆತ್ತಿ ನನ್ನ ಕಡೆ ನೋಡಿತು. ಕೊರಳು ತುಂಬ ನೀಲಿ, ಆ ನೀಲಿಯ ನಡುವೆ ತಾಮ್ರದ ಬಣ್ಣದ ಒಂದು ಬೊಟ್ಟು.

ಈಬತ್ತಿ, ನೀಲಿ ವಸ್ತ್ರ, ಕರಡಿಗಿ, ಕಾವಿ. ಅತ್ತೆ ಒಂದು ಅಕ್ಷರವನ್ನೂ ಹೆಚ್ಚು ಹೇಳಿರಲಿಲ್ಲ, ಕಡಿಮೆಯೂ ಹೇಳಿರಲಿಲ್ಲ. ಥಟ್ಟನೆ ಎದ್ದೆ. ನಾನು ಎದ್ದ ರಭಸಕ್ಕೆ ತಪ್ಪಲೆ ಉರುಳಿತು, ಅಯ್ಯನೋರು ಕೆಸುವಿನೊಳಗೆ ಹೋದರು.

ಹಂಸಾಬೆನ್ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಭಾನುವಾರ ಟೋಪಿ ಹಾಕಿ, ದುರ್ಬೀನು ನೇತುಹಾಕಿಕೊಂಡು ಊರಂಚಿನ ಬೋಪಾಲ್ ಬಡಾವಣೆ ದಾಟಿ ಯಾವುದೋ ಕೆರೆಗೆ ಹೋಗುತ್ತಾರೆ. ಗೋಡೆಯ ಹತ್ತಿರ ಕರೆದು, ಅತ್ತೆ ಹೇಳಿದ್ದನ್ನೇ ಹೇಳಿದೆ. ಈ ಸಲ ಒಂದೊಂದೇ ಪದವಾಗಿ ಅನುವಾದಿಸಿದೆ. ಅವರು ಒಳಗಿನಿಂದ ದುರ್ಬೀನು ತಂದು, ಸ್ಟೂಲು ಹತ್ತಿ, ನಮ್ಮ ಕೆಸುವನ್ನೇ ನೋಡುತ್ತ ಅರ್ಧ ಗಂಟೆ ನಿಂತರು.

"ಅರೇ ಸುಮಿತ್ರಾಬೆನ್, ಆ ತೋ ನೀಲಕಂಠಿ ಛೇ!"

ನೀಲಕಂಠ ನನಗೆ ಗೊತ್ತು ಎಂದೆ ಜಂಬದಿಂದ. ದಸರೆಯ ದಿನ ಕಂಡರೆ ಒಳ್ಳೆಯದೆನ್ನುತ್ತಾರಲ್ಲ, ಅದು ಇಷ್ಟು ದೊಡ್ಡದು, ರೆಕ್ಕೆಯೆಲ್ಲ ನೀಲಿ. ಅವರು ಸ್ಟೂಲಿನ ಮೇಲಿಂದಲೇ ನನಗೆ ಪಾಠ ಮಾಡಿದರು. ಅದು ನೀಲಕಂಠ, ಇದು ನೀಲಕಂಠಿ. ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಬರುವ ಹಾಡುಹಕ್ಕಿ. ಹಿಂದಿರುಗುವ ಕಾಲ ಹತ್ತಿರವಾದಾಗ ಹೀಗೆ ಮೆಲ್ಲಗೆ ರಾಗ ತೆಗೆಯುತ್ತದೆ. ಅಕ್ಕಿ ತಿನ್ನುವುದಿಲ್ಲ, ಅಕ್ಕಿಗೆ ಬರುವ ಇರುವೆ ತಿನ್ನುತ್ತದೆ.

ಬಹಳ ಅಪರೂಪದ್ದೇ ಎಂದು ಆಸೆಯಿಂದ ಕೇಳಿದೆ. ಕೆರೆಯ ಜೊಂಡಿನಲ್ಲಾದರೆ ಅಷ್ಟೇನಿಲ್ಲ ಎಂದರು. "ಪಣ್ ಚೋಕಡೀಮಾ? ತ್ರೀಸ್ ವರಸ್‌ಮಾ ನಥೀ ಜೋಈ." ಚೋಕಡಿಯಲ್ಲಿ ಮೂವತ್ತು ವರ್ಷದಲ್ಲಿ ನೋಡಿಲ್ಲವಂತೆ. ಮೂವತ್ತು ವರ್ಷದಲ್ಲಿ ಯಾರೂ ನೋಡದ್ದನ್ನು ಅತ್ತೆ ಮೊದಲ ವಾರವೇ ಗುರುತು ಹಿಡಿದಿದ್ದರು. ಅದಕ್ಕೆ ನಾವು ಅವರಿಗೆ ದಿನಕ್ಕೆರಡು ಮಾತ್ರೆ ಕೊಡುತ್ತಿದ್ದೆವು.

ಒಳಗೆ ಹೋಗಿ, ಅತ್ತೆಯನ್ನು ಎಬ್ಬಿಸಿ, ಕೈಹಿಡಿದು ಹೊಸ್ತಿಲಿಗೆ ತಂದು ಕೂರಿಸಿದೆ. "ಅತ್ತೆ, ನಿಮ್ಮ ಅಯ್ಯನೋರು ಮನುಷ್ಯರಲ್ಲ. ಅದು ಹಕ್ಕಿ."

ಅವರು ನನ್ನನ್ನು ನೋಡಿದ ನೋಟದಲ್ಲಿ ಮಂಪರು ಇರಲಿಲ್ಲ. "ಹಕ್ಕಿ ಅಲ್ದ ಮತ್ತೇನು? ನಾ ಯಾವಾಗ ಮನಶ್ಯಾ ಅಂದೆ?"

"ಅಯ್ಯನೋರು ಅಂದ್ರಿ."

"ಹೌದು, ಅಯ್ಯನೋರ ಹಕ್ಕಿ. ನಮ್ಮವ್ವ ಹಂಗಽ ಅಂತಿದ್ಲು. ಚಳಿಗಾಲಕ್ಕ ನಮ್ಮ ಕೆರಿ ದಂಡಿಗೆ ಬರತಿತ್ತು. ಬಂದ್ರ ಅಕ್ಕಿ ಹಾಕ್ತಿದ್ಲು." ಕೆಸುವಿನ ಕಡೆ ನೋಡುತ್ತ ಹೇಳಿದರು. "ನೀ ಕೇಳಿದ್ದು ಹೆಂಗಿದಾರ ಅಂತ. ಏನದು ಅಂತ ಕೇಳಲಿಲ್ಲಲ್ಲವಾ."

ಮುಂದಿನ ವಾರ ವೈದ್ಯರಲ್ಲಿಗೆ ಹೋಗಿ ನನ್ನ ಅನುವಾದವನ್ನು ಹಿಂತೆಗೆದುಕೊಂಡೆ. ಅವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದರು. ಮರೆವು ಮಾತ್ರ ನಿಜ, ಅದನ್ನು ನೋಡಿಕೊಂಡು ಹೋಗಬೇಕು ಎಂದರು. ಅದೂ ಸರಿಯೇ. ಹೊರಗೆ ಆಟೋ ಹತ್ತುವಾಗ ಅತ್ತೆ ನನ್ನ ಕೈಹಿಡಿದುಕೊಂಡು, "ಗಂಗಾ, ಊರು ಇನ್ನ ಎಷ್ಟ ದೂರ ಐತಿ?" ಎಂದರು. ಹತ್ತಿರವೇ ಎಂದೆ. ಒಂದು ಹಕ್ಕಿ ನಿಜವಾಯಿತೆಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಅಷ್ಟು ಸುಲಭವಿದ್ದಿದ್ದರೆ ನಾನು ಹೀಗೆ ಸಿಕ್ಕಸಿಕ್ಕಲ್ಲಿ ಕುಳಿತುಕೊಳ್ಳುತ್ತಿರಲಿಲ್ಲ.

ಚೋಕಡಿಯ ಪಾಚಿ ತಿಕ್ಕಿಸಿ, ಗೋಡೆಗೆ ಹಿಡಿದುಕೊಳ್ಳಲು ಒಂದು ಕೊಳವೆ ಹಾಕಿಸಿದೆವು. ಹಿಂದಿನ ಬಾಗಿಲು ಬೆಳಗಿನಿಂದ ತೆರೆದೇ ಇರುತ್ತದೆ. ಅಯ್ಯನೋರು ಇನ್ನೂ ಎರಡು ವಾರ ಬಂದರು. ಒಂದು ದಿನ ಬರಲಿಲ್ಲ, ಅಕ್ಕಿಯ ಮೇಲೆ ಇರುವೆ ಹಾಗೇ ಇದ್ದವು. ಮಠಕ್ಕ ಹೋದ್ರು ಎಂದರು ಅತ್ತೆ, ಎದ್ದು ಬಟ್ಟಲು ತೊಳೆದಿಟ್ಟರು.

ಇಷ್ಟೆಲ್ಲ ನೆನೆಯುತ್ತ ಸ್ಟೂಲಿನ ಮೇಲೆ ಕುಳಿತಿದ್ದಾಗ ಬಾಣಲೆಯ ಸದ್ದು ಕೇಳಿ ಅತ್ತೆಯೇ ಅಡುಗೆಮನೆಗೆ ಬಂದರು. ಬಚ್ಚಿಡಲು ಹೊತ್ತಿರಲಿಲ್ಲ. ಕಟ್ಟೆಯ ಮೇಲಿನ ಬೀಗದ ಕೈಯನ್ನು ಎತ್ತಿ, ಮೂಸಿ, ಮುಖ ಕಿವುಚಿದರು.

"ಹಿತ್ತಿಲ ಬಾಗಿಲಿಂದು ಅತ್ತೆ. ನಿಮಗೆ ಸಿಗಬಾರದು ಅಂತ ನಾನೇ ಮೆಂತ್ಯದಲ್ಲಿ ಇಟ್ಟಿದ್ದೆ" ಎಂದೆ. ಸುಳ್ಳು ಹೇಳುವುದಕ್ಕೂ ತ್ರಾಣ ಬೇಕು.

"ಗೊತ್ತಿತ್ತು."

"ಏನು ಗೊತ್ತಿತ್ತು?"

"ಮೆಂತೆದಾಗ ಇಟ್ಟಿದ್ದು. ದಿನಾ ಮುಂಜಾನೆ ಡಬ್ಬಿ ಒಳಗ ಟಣ್ ಅಂತಿತ್ತಲ್ಲ, ಕಿವಿ ಏನ್ ಹೋಗಿಲ್ಲ ನಂದು." ಬೀಗದ ಕೈಯನ್ನು ಮತ್ತೆ ಕಟ್ಟೆಯ ಮೇಲಿಟ್ಟು ಸೀರೆಗೆ ಬೆರಳು ಒರೆಸಿಕೊಂಡರು.

"ಗೊತ್ತಿದ್ರೆ ಮತ್ತೆ ಯಾಕೆ ತಗೊಳ್ಳಲಿಲ್ಲ? ಅಷ್ಟು ದಿನ ಬಾಗಿಲು ನೋಡ್ಕೊಂಡು ಕೂತಿದ್ರಲ್ಲ."

"ನಾ ಬಾಗಲಾ ತಗದ್ರ ನೀ ಓಡಿ ಬರಬೇಕಾಕ್ಕಿತ್ತು. ಭಾಳ ದಣದಿದ್ದಿ ನೀ. ಅದಕ್ಕ ಸುಮ್ಮ ಕುಂತೆ."

ಅಷ್ಟು ಹೇಳಿ ಹಿತ್ತಿಲ ಕಡೆ ನಡೆದರು. ನಾನು ಎದ್ದು ಹಿಂದೆ ಹೋಗಿ, ಹೊಸ್ತಿಲ ಮೇಲೆ ಅವರ ಪಕ್ಕದಲ್ಲಿ ಕುಳಿತೆ.